ತಮ್ಮನ ಮಗಳನ್ನ ಜರ್ಮನಿಯ ಅಕ್ಕನಿಗೆ ದತ್ತು ಕೊಟ್ವಿ, ಸರ್ಕಾರದ ದತ್ತು ಸೇವೆ ಹೆಂಗಿತ್ತು ಅಂದ್ರೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಆಯ್ತು ಅಂತ ಆಮೇಲೆ ಹೇಳ್ತೀನಿ. ಈ ರಿವ್ಯೂ ಸಂಬಂಧಿಕರ ಮಗುನ ಹೊರದೇಶದಲ್ಲಿರೋರು ದತ್ತು ತಗೊಳ್ಳೋಕೆ ಸರ್ಕಾರ ಮಾಡಿರೋ ವ್ಯವಸ್ಥೆಗೆ. ದಾವಣಗೆರೆಯಲ್ಲಿ ಇದನ್ನ ಮಾಡಿ ಮುಗಿಸಿದೋರು ನಂಗೆ ಒಬ್ರೂ ಸಿಗಲಿಲ್ಲ, ಕೇಳಿದೋರೆಲ್ಲ ಒಂದೊಂದು ಥರ ಹೇಳಿದ್ರು, ಅದಕ್ಕೇ ಕೂತು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನನ್ನ ತಮ್ಮ, ಅವನ ಹೆಂಡ್ತಿ ಇಬ್ರೂ ಒಂದೂವರೆ ವರ್ಷದೊಳಗೆ ಹೋಗಿಬಿಟ್ರು. ಮಗಳು ಪುಟ್ಟಿಗೆ ಆಗ ಆರು ವರ್ಷ, ನಿಟ್ಟುವಳ್ಳಿಯ ನಮ್ಮ ಮನೇಲಿ ಅವ್ವನ ಜೊತೆ ಇದ್ಲು. ಅಕ್ಕ ಭಾವ ಇರೋದು ಜರ್ಮನಿಯಲ್ಲಿ, ಅವರಿಗೆ ಮಕ್ಕಳಿಲ್ಲ, ರಜೆಗೆ ಬಂದಾಗೆಲ್ಲ ಪುಟ್ಟಿ ಅಕ್ಕನ ಬೆನ್ನು ಬಿಡ್ತಿರಲಿಲ್ಲ. ಒಂದಿನ ಅವ್ವನೇ "ನಾ ಇರೋತನಕ ಸರಿ, ಆಮೇಲೆ ಈ ಕೂಸಿಗೆ ಅವ್ವ ಅಪ್ಪ ಅಂತ ಕರಿಯಾಕೆ ಯಾರಾದ್ರೂ ಬೇಕಲ್ಲವ್ವ" ಅಂದ್ಲು, ಅಲ್ಲಿಂದ ಶುರುವಾಯ್ತು.

ಮೊದಲು ನಾವು ಮಾಡಿದ್ದು ತಪ್ಪು. ಪರಿಚಯದೋರು ಹೇಳಿದ್ರು ಅಂತ ಒಬ್ಬ ಪತ್ರ ಬರಹಗಾರರ ಹತ್ರ ಹೋದ್ವಿ, ಅವರು "ಛಾಪಾ ಕಾಗದದ ಮೇಲೆ ದತ್ತಕ ಪತ್ರ ಬರೆಸಿ ರಿಜಿಸ್ಟರ್ ಮಾಡಿಸಿದ್ರೆ ಆಯ್ತು, ವೀಸಾ ತಾನಾಗೇ ಸಿಗುತ್ತೆ" ಅಂತ ಧೈರ್ಯವಾಗಿ ಹೇಳಿ ಆರು ಸಾವಿರ ಅಡ್ವಾನ್ಸ್ ತಗೊಂಡ್ರು. ಆ ದುಡ್ಡು ವಾಪಸ್ ಬರಲಿಲ್ಲ ಬಿಡಿ. ಆದ್ರೆ ಆ ಮಾತು ನಂಬಿ ಪತ್ರ ಮಾಡಿಸಿದ್ರೆ ಮಗುನೇ ಮಧ್ಯದಲ್ಲಿ ಸಿಕ್ಕಿಹಾಕ್ಕೊಳ್ತಿತ್ತಲ್ಲ, ನಂಗೆ ಸಿಟ್ಟು ಬರೋದು ಅದಕ್ಕೆ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರನೇ ತಂದೆ ತಾಯಿ ಇಬ್ರೂ ಇಲ್ಲದ ಮಗುನ ಗಾರ್ಡಿಯನ್ ದತ್ತು ಕೊಡಬೇಕಂದ್ರೆ ಮೊದಲು ಕೋರ್ಟ್ ಅನುಮತಿ ಬೇಕು, ಮೇಲಾಗಿ ಮಗುನ ಹೊರದೇಶಕ್ಕೆ ದತ್ತು ಕರ್ಕೊಂಡು ಹೋಗಬೇಕಂದ್ರೆ ದೆಹಲಿಯ ಕಾರಾ, ಅಂದ್ರೆ ಕೇಂದ್ರದ ದತ್ತು ಪ್ರಾಧಿಕಾರ, ಅವರ ಎನ್‌ಒಸಿ, ಅಂದ್ರೆ ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ, ಬೇಕೇ ಬೇಕು. ಅದಿಲ್ಲದೆ ಬರೀ ಪತ್ರ ಹಿಡ್ಕೊಂಡು ಓಡಾಡಿ ಏನೂ ಉಪಯೋಗ ಇಲ್ಲ.

ಸರಿಯಾದ ದಾರಿ ತೋರಿಸಿದ್ದು ಮಕ್ಕಳ ರಕ್ಷಣಾ ಘಟಕದ ಮೇಡಂ. ಅಕ್ಕ ಭಾವ ಅಲ್ಲೇ ಜರ್ಮನಿಯಲ್ಲಿ ಅರ್ಜಿ ಹಾಕಬೇಕು, ಅಲ್ಲಿಯೋರು ಅವರ ಮನೆ, ಆದಾಯ, ಆರೋಗ್ಯ ಎಲ್ಲ ನೋಡಿ ರಿಪೋರ್ಟ್ ಮಾಡ್ತಾರೆ, ಅದು ಕಾರಾದ ಕೇರಿಂಗ್ಸ್ ಅನ್ನೋ ಪೋರ್ಟಲ್‌ಗೆ ಬರುತ್ತೆ. ದೇಶ ದೇಶಗಳ ನಡುವಿನ ದತ್ತಿಗೆ ಮಾಡಿರೋ 1993ರ ಹೇಗ್ ಒಪ್ಪಂದಕ್ಕೆ ಎರಡೂ ದೇಶ ಸೇರಿರೋದ್ರಿಂದ ಜರ್ಮನಿನೂ ಒಪ್ಪಿಗೆ ಕೊಡಬೇಕು, ಇಲ್ಲಿಂದ ಮಗುವಿನ ಕುಟುಂಬದ ರಿಪೋರ್ಟ್ ಹೋಗಬೇಕು, ಆಮೇಲೆ ಕಾರಾದ ಪೂರ್ವಾನುಮತಿ. ನಂಗೆ ದೊಡ್ಡ ಭಯ ಇದ್ದಿದ್ದು ವಯಸ್ಸಿಂದು. ಅಕ್ಕನಿಗೆ 48, ಭಾವನಿಗೆ 53, ಕೂಡಿದ್ರೆ 101, ಪುಟ್ಟಿ ವಯಸ್ಸಿನ ಮಗುಗೆ ದಂಪತಿ ವಯಸ್ಸು ಸೇರಿ 100 ದಾಟಬಾರದು ಅಂತ ನಿಯಮ ಐತಂತೆ. ಒಂದು ವರ್ಷಕ್ಕೆ ಹೋಯ್ತಲ್ಲ ಅಂತ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫೋನ್ ಮಾಡಿದ್ರೆ ಮೇಡಂ "ಸಂಬಂಧಿಕರ ದತ್ತಿಗೆ ಅದು ಅನ್ವಯ ಆಗಲ್ಲಮ್ಮ" ಅಂದ್ರು. ಆದ್ರೆ ಬಾಲ ನ್ಯಾಯ ಕಾಯ್ದೆಯಲ್ಲಿ (ನಮ್ಮ ದತ್ತು ನಡೆದಿದ್ದು ಇದರಡಿ, ಆ 1956ರದ್ದರಡಿ ಅಲ್ಲ) ಸಂಬಂಧಿಕರು ಅಂದ್ರೆ ಅಜ್ಜ ಅಜ್ಜಿ, ಅಪ್ಪ ಅಮ್ಮಂದಿರ ಒಡಹುಟ್ಟಿದೋರು ಇಷ್ಟೇ, ದೊಡ್ಡಪ್ಪನ ಮಗ ಚಿಕ್ಕಪ್ಪನ ಮಗಳು ಅಂತ ಹೋದ್ರೆ ಬರಲ್ಲ, ಇದನ್ನ ಮೊದಲೇ ತಿಳ್ಕೊಳ್ಳಿ.

ನಾಲ್ಕು ಸ್ಟಾರ್‌ಗೆ ನಿಜವಾದ ಕಾರಣ ಒಂದು ಮಧ್ಯಾಹ್ನ. ಐದು ವರ್ಷ ಮೇಲ್ಪಟ್ಟ ಮಗು ಆದ್ರೆ ಅದರ ಒಪ್ಪಿಗೆನೂ ಕೇಳಬೇಕು. ಮೇಡಂ ಮನೆಗೆ ಬಂದೋರು ನಾವು ಹಾಕಿದ ಕುರ್ಚಿ ಬಿಟ್ಟು ಪುಟ್ಟಿ ಪಕ್ಕ ಚಾಪೆ ಮೇಲೆ ಕೂತ್ರು, ನಮ್ಮನ್ನೆಲ್ಲ ಅಡುಗೆಮನೆಗೆ ಕಳಿಸಿದ್ರು. ನಾನು ಬಾಗಿಲ ಸಂದೀಲಿ ನಿಂತಿದ್ದೆ, ಮನಸ್ಸು ತಡೀಲಿಲ್ಲ. ಪುಟ್ಟಿ ತುಂಬ ಹೊತ್ತು ಚಾಪೆ ದಾರ ಕೀಳ್ತಾ ಕೂತಿದ್ಲು, ಆಮೇಲೆ "ನಂ ಅಪ್ಪನ ಹೆಸರು ಅಳಿಸಿಬಿಡ್ತೀರಾ" ಅಂದ್ಲು. ನಾವ್ಯಾರೂ ಅದನ್ನ ಯೋಚನೆನೇ ಮಾಡಿರಲಿಲ್ಲ. ಮೇಡಂ ಸುಳ್ಳು ಹೇಳಲಿಲ್ಲ, ಸ್ಕೂಲಲ್ಲಿ ಪಾಸ್‌ಪೋರ್ಟಲ್ಲಿ ಮಾಮ ಅತ್ತೆ ಹೆಸರು ಬರುತ್ತೆ ಅಂತಲೇ ಹೇಳಿದ್ರು, ಆಮೇಲೆ ತಾವು ಬರೀತಿದ್ದ ಹಾಳೆ ತಿರುಗಿಸಿ "ಇದು ನಿನ್ನ ಫೈಲು, ಇಲ್ಲಿ ನೋಡು ಅಪ್ಪನ ಹೆಸರು, ಇಲ್ಲಿ ಅಮ್ಮಂದು, ಇದನ್ನ ಯಾರೂ ಅಳಿಸಲ್ಲ, ನೀನು ದೊಡ್ಡೋಳಾದ ಮೇಲೂ ಬಂದು ಕೇಳಬಹುದು" ಅಂದ್ರು. ಅವಳು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ್ಲು. ಅವತ್ತು ಒಪ್ಪಿಗೆ ಹೇಳಲಿಲ್ಲ. ಮೇಡಂ ಒತ್ತಾಯ ಮಾಡದೆ ಹತ್ತು ದಿನ ಬಿಟ್ಟು ಇನ್ನೊಂದ್ಸಲ ಬಂದ್ರು, ಆಗ ಹ್ಞೂಂ ಅಂದ್ಲು.

ತಂದೆ ತಾಯಿ ಇಲ್ಲದ್ದಕ್ಕೆ ಮಕ್ಕಳ ಕಲ್ಯಾಣ ಸಮಿತಿ ಅನುಮತಿನೂ ಬೇಕಾಯ್ತು. ಬಾಲ ನ್ಯಾಯ ಕಾಯ್ದೆಯ ದತ್ತು ಆದೇಶ ಈಗ ಕೋರ್ಟಲ್ಲಿ ಅಲ್ಲ, 2022ರ ಸೆಪ್ಟೆಂಬರ್ 1ರಿಂದ ಡಿಸಿನೇ ಕೊಡ್ತಾರೆ, ಅರ್ಜಿ ಹಾಕಿ ಎರಡು ತಿಂಗಳೊಳಗೆ ಮುಗಿಸಬೇಕು ಅಂತ ಕಾಯ್ದೆ, ನಮಗೆ ಏಳು ವಾರಕ್ಕೆ ಬಂತು. ಆಮೇಲೆ ಎನ್‌ಒಸಿ, ಹೇಗ್ ಒಪ್ಪಂದದ ಪ್ರಕಾರವೇ ದತ್ತು ಆಗಿದೆ ಅನ್ನೋ ಸರ್ಟಿಫಿಕೇಟು, ಪಾಸ್‌ಪೋರ್ಟು, ವೀಸಾ. ಶುರುವಿಂದ ಕೊನೇತನಕ ಹದಿನಾರು ತಿಂಗಳು.

ಸ್ಟಾರ್ ಕಟ್ ಮಾಡಿದ್ದು ಮಧ್ಯದಲ್ಲಿ ಒಂದು ಕಚೇರಿಯಲ್ಲಿ ಫೈಲು ಒಂಬತ್ತು ವಾರ ಅಲ್ಲಾಡದೆ ಕೂತಿದ್ದಕ್ಕೆ. ತಮ್ಮನ ಆಧಾರ್‌ನಲ್ಲಿ ಒಂದು ಸ್ಪೆಲಿಂಗು, ಮರಣ ಪತ್ರದಲ್ಲಿ ಇನ್ನೊಂದು. ಅದನ್ನ ಮೊದಲನೇ ದಿನವೇ ಹೇಳಿದ್ರೆ ಒಂದು ವಾರದಲ್ಲಿ ಸರಿ ಮಾಡಿಸ್ತಿದ್ವಿ, ಹೋದಾಗೆಲ್ಲ ನಾಳೆ ಬನ್ನಿ ನಾಳೆ ಬನ್ನಿ. ಅಷ್ಟೊತ್ತಿಗೆ ಪುಟ್ಟಿ ಬ್ಯಾಗ್ ತುಂಬ್ಕೊಂಡು ಕಾಯ್ತಿದ್ಲು, ದಿನಾ ಕೇಳೋಳು. ಅದಕ್ಕೇ ಹೇಳೋದು, ಜನನ ಪತ್ರ, ಮರಣ ಪತ್ರ, ಆಧಾರ್ ಎಲ್ಲ ಒಂದೇ ಕಡೆ ಇಟ್ಕೊಂಡು ಹೆಸರುಗಳನ್ನ ಅಕ್ಷರ ಅಕ್ಷರ ಹೋಲಿಸಿ ನೋಡಿ, ಆಮೇಲೆ ಅರ್ಜಿ ಹಾಕಿ.

ಹೋದ ಮೇಲೂ ಸುಮ್ನೆ ಬಿಡಲ್ಲ, ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು ರಿಪೋರ್ಟ್ ಅಲ್ಲಿಂದ ಕಾರಾಗೆ ಬರಬೇಕು. ಈಗ ಎರಡು ಆಗಿದೆ. ಎರಡನೇದನ್ನ ಅಕ್ಕ ವಾಟ್ಸಾಪಲ್ಲಿ ಕಳಿಸಿದ್ಲು, ತೂಕ ಮೂರು ಕೆಜಿ ಜಾಸ್ತಿ ಆಗಿದೆ, ರಾತ್ರಿ ಲೈಟ್ ಆರಿಸಿ ಮಲಗ್ತಾಳೆ, ಅಜ್ಜಿ ಜೊತೆ ಫೋನಲ್ಲಿ ಕನ್ನಡ ಮಾತಾಡ್ತಾಳೆ ಅಂತ ಬರೆದಿದ್ರು. ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಲೈಟ್ ಆರಿಸಿ ಮಲಗೋ ಸಾಲನ್ನ ಇನ್ನೊಂದ್ಸಲ ಹೇಳಿಸ್ಕೊಂಡ್ಲು.