ಒಂದು ಪ್ರಿಂಟರ್, ಮೂರು ಕಾಲದ ಕಂಪ್ಯೂಟರ್‌ಗಳು: ಹಂಚಿಕೊಳ್ಳಲು ಯಾವ ದಾರಿ ಸಲೀಸು?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಪ್ರಿಂಟರ್, ಎಚ್‌ಪಿ ಲೇಸರ್‌ಜೆಟ್ 1020. ವೈಫೈ ಇಲ್ಲ, ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗವಿಲ್ಲ, ಹಿಂಬದಿಯಲ್ಲಿ ಒಂದು ಯುಎಸ್‌ಬಿ ಕಿಂಡಿ ಅಷ್ಟೆ. ಆದರೆ ಅದಕ್ಕೆ ಹಾಕುವ 12ಎ ಟೋನರ್ ತುಂಬಿಸಿಕೊಡದ ರಿಫಿಲ್ ಅಂಗಡಿ ಈ ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿಡಿಭಾಗಗಳೂ ಸಿಗುತ್ತವೆ, ರಿಪೇರಿಯವರಿಗೆ ಅದರ ಹೊಟ್ಟೆಯೊಳಗಿನದೆಲ್ಲ ಗೊತ್ತು. ಹೀಗಿರುವಾಗ ಅದನ್ನು ಹೊರಹಾಕಲು ನನಗೆ ಕಾರಣವೇ ಕಾಣಲಿಲ್ಲ.

ತೊಡಕು ಇರುವುದು ಅದಕ್ಕೆ ಕೆಲಸ ಹೇಳುವ ಯಂತ್ರಗಳಲ್ಲಿ. ಮಾವನವರದು ವಿಂಡೋಸ್ ಎಕ್ಸ್‌ಪಿ ಇರುವ ಡೆಸ್ಕ್‌ಟಾಪ್. ನಮ್ಮವರದು ವಿಂಡೋಸ್ 10. ಅದರ ಪ್ರೊಸೆಸರ್ ಹಳೆಯದಾದ್ದರಿಂದ 11ಕ್ಕೆ ಏರಲಾರದು. ಮಗಳದು ಕಾಲೇಜಿಗೆಂದು ಕೊಡಿಸಿದ ವಿಂಡೋಸ್ 11 ಲ್ಯಾಪ್‌ಟಾಪ್. ಜೊತೆಗೆ ಎಲ್ಲರ ಕೈಯಲ್ಲೂ ಮೊಬೈಲ್. ಪಹಣಿ, ವಿದ್ಯುತ್ ಬಿಲ್, ಹಾಲ್ ಟಿಕೆಟ್ ಎಲ್ಲ ಬರುವುದು ಮೊಬೈಲಿಗೇ.

ಎಕ್ಸ್‌ಪಿಯನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಬಂದವರೆಲ್ಲ ಕೇಳುತ್ತಾರೆ. 2014ರ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟ್ ಅದರ ಕೈ ಬಿಟ್ಟಿದೆ, ನಿಜ. ಆದರೆ ಮಾವನವರು ವರ್ಷಾನುಗಟ್ಟಲೆ ಡಿಟಿಪಿ ಮಾಡಿದವರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದ ವಾರ್ಷಿಕ ವರದಿ, ಎಲ್ಲವೂ ಪುಟ ಜೋಡಿಸುವ ಪೇಜ್‌ಮೇಕರ್ 7 ಎಂಬ ಹಳೆಯ ತಂತ್ರಾಂಶದಲ್ಲಿ, ನುಡಿ ಫಾಂಟ್‌ಗಳಲ್ಲಿ ಕುಳಿತಿವೆ. ಆ ಫಾಂಟ್‌ಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿ ಮಾಡಿದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ವಧೂವರರ ಹೆಸರಿನ ಬದಲು ಪೌಂಡ್ ಚಿಹ್ನೆಗಳೂ ತಲೆಯ ಮೇಲೆ ಗೀಟು ಹೊತ್ತ 'ಎ'ಗಳೂ ಸಾಲುಗಟ್ಟಿ ನಿಲ್ಲುತ್ತವೆ. “ಇಲ್ಲೇ ತೆರೆಯುತ್ತೇನೆ, ಇಲ್ಲಿಂದಲೇ ಪ್ರಿಂಟ್ ಬರಬೇಕಮ್ಮ, ಅಷ್ಟು ಮಾಡಿಕೊಡು” ಎಂದರು. ಮನೆಯಲ್ಲಿ ಈ ಇಲಾಖೆ ನನ್ನದು.

ಎಲ್ಲಕ್ಕಿಂತ ಅಗ್ಗದ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ. ಎಕ್ಸ್‌ಪಿಯಲ್ಲಿ ಪಿಡಿಎಫ್ ಮಾಡುವ ತಂತ್ರಾಂಶ ಹಾಕಿ, ಪೆನ್‌ಡ್ರೈವ್‌ನಲ್ಲಿ ಕಡತವನ್ನು ಪ್ರಿಂಟರ್ ಇರುವ ಕಂಪ್ಯೂಟರಿಗೆ ಒಯ್ಯುವುದು. ಫಾಂಟ್ ಪಿಡಿಎಫ್‌ನೊಳಗೇ ಸೇರಿಕೊಳ್ಳುವುದರಿಂದ ಅಕ್ಷರ ಕೆಡುವುದಿಲ್ಲ. ತಿಂಗಳಿಗೆ ನಾಲ್ಕು ಹಾಳೆ ತೆಗೆಯುವ ಮನೆಗೆ ಇದು ಧಾರಾಳ ಸಾಕು, ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಕರಡು ತೆಗೆದು, ತಿದ್ದಿ, ಮತ್ತೆ ಕರಡು ತೆಗೆಯುವವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಒಂದು ಒತ್ತಕ್ಷರ ತಿದ್ದಲು ಮಾವನವರು ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ ಇಳಿಯುವುದನ್ನು ನೋಡಲಾಗಲಿಲ್ಲ.

ಎಲ್ಲರೂ ಹೇಳುವ ದಾರಿ ವಿಂಡೋಸಿನದೇ ಹಂಚಿಕೆ. ಒಂದು ಕಂಪ್ಯೂಟರಿಗೆ ಪ್ರಿಂಟರ್ ತಗುಲಿಸಿ, 'ಶೇರ್' ಎಂದು ಗುರುತು ಹಾಕಿ, ಉಳಿದವು ಅದರ ಮೂಲಕ ಮುದ್ರಿಸುವುದು. ವಿಂಡೋಸ್ 10 ಮತ್ತು 11ರ ನಡುವೆ ಇದು ಚೆನ್ನಾಗಿಯೇ ನಡೆಯಿತು. ಎರಡೂ ಕಡೆ ಪಾಸ್‌ವರ್ಡ್ ಇರುವ ಖಾತೆ ಬೇಕು. ಹಿಂದಿನ ಹಾಗೆ ಹೆಸರು ಹೇಳದೆ ಅತಿಥಿಯಾಗಿ ನುಗ್ಗಲು ಹೊಸ ವಿಂಡೋಸ್ ಬಿಡುವುದಿಲ್ಲ. ಇಷ್ಟು ನೋಡಿಕೊಂಡರೆ ತಕರಾರಿಲ್ಲ.

ಎಕ್ಸ್‌ಪಿ ನಡುವೆ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಕಡತ ಮತ್ತು ಪ್ರಿಂಟರ್ ಹಂಚಿಕೊಳ್ಳಲು ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ವಿಧಾನದಲ್ಲಿ ಎಕ್ಸ್‌ಪಿಗೆ ಬರುವುದು ಮೊದಲನೆಯ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಅದು ಹರಡಿದ್ದು ವಿಂಡೋಸಿನ ಆ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದ ಈಚೆಗೆ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಆ ಆವೃತ್ತಿ ತಾನಾಗಿ ಬರುವುದಿಲ್ಲ. ಬೇಕೆಂದರೆ 'ವಿಂಡೋಸ್ ಫೀಚರ್ಸ್' ಪಟ್ಟಿಗೆ ಹೋಗಿ ನಾವೇ ಚಾಲೂ ಮಾಡಬೇಕು. ಪ್ರಿಂಟರನ್ನು ಎಕ್ಸ್‌ಪಿಗೆ ತಗುಲಿಸಿದರೂ ಅಷ್ಟೆ, ಲ್ಯಾಪ್‌ಟಾಪಿಗೆ ತಗುಲಿಸಿದರೂ ಅಷ್ಟೆ, ಈ ಹಂಚಿಕೆಗೆ ಹಳೆಯ ಆವೃತ್ತಿ ಬೇಕೇ ಬೇಕು. ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿ ಹಿತ್ತಿಲ ಬಾಗಿಲಿನ ಚಿಲಕ ತೆಗೆದಿಟ್ಟ ಹಾಗೆ. ಮಗಳ ಲ್ಯಾಪ್‌ಟಾಪ್ ಕಾಲೇಜಿನ ವೈಫೈಗೂ ಸೇರುತ್ತದೆ, ಹಾಸ್ಟೆಲಿನ ಗೆಳತಿಯರ ವೈಫೈಗೂ ಸೇರುತ್ತದೆ. ತಾತನ ಲಗ್ನಪತ್ರಿಕೆಗಾಗಿ ಅದನ್ನು ಬಡವಾಗಿಸಲು ನಾನು ಒಪ್ಪಲಿಲ್ಲ.

ಇದರ ಮೇಲೆ 2021ರ ಗೋಜಲು ಬೇರೆ. ಆ ವರ್ಷ ಪ್ರಿಂಟ್‌ನೈಟ್‌ಮೇರ್ ಎಂಬ ದೋಷ ಹೊರಬಿದ್ದ ಮೇಲೆ ಹಂಚಿದ ಪ್ರಿಂಟರ್‌ಗಳ ನಿಯಮಗಳು ಬಿಗಿಯಾದವು. ಪ್ರಿಂಟರಿನೊಡನೆ ಮಾತಾಡಲು ಬೇಕಾದ ಡ್ರೈವರ್ ತಂತ್ರಾಂಶ ಇಳಿಸಿಕೊಳ್ಳಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಯಿತು. ಒಂದು ಕಡೆ ಹೊಸ ಪರಿಷ್ಕರಣೆ, ಇನ್ನೊಂದು ಕಡೆ ಹಳೆಯದು ಇದ್ದರೆ '11ಬಿ'ಯಲ್ಲಿ ಕೊನೆಯಾಗುವ ದೋಷಸಂಖ್ಯೆ ಬರತೊಡಗಿತು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ ಎಂದು ಹೇಳುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಸರಿಹೋಗುತ್ತದೆ ಕೂಡ. ಆದರೆ ಆ ಸಾಲು ಮಾಡುವುದು ರಕ್ಷಣೆಯನ್ನು ತೆಗೆದುಹಾಕುವ ಕೆಲಸವನ್ನು ಎಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ.

ವಿಂಡೋಸಿನಲ್ಲೇ ಉಳಿಯಬೇಕೆನ್ನುವವರಿಗೆ ಇನ್ನೊಂದು ಸಂದಿ ಇದೆ. ಅದೇ 'ವಿಂಡೋಸ್ ಫೀಚರ್ಸ್' ಪಟ್ಟಿಯಲ್ಲಿ 'ಎಲ್‌ಪಿಡಿ ಪ್ರಿಂಟ್ ಸರ್ವೀಸ್' ಎಂಬುದೊಂದು ಸಿಗುತ್ತದೆ. ಯುನಿಕ್ಸ್ ಕಾಲದ ವ್ಯವಸ್ಥೆ ಅದು. ಎಸ್‌ಎಂಬಿಯ ಗೊಡವೆಯೇ ಇಲ್ಲ. ಪ್ರಿಂಟರನ್ನು ನಮ್ಮವರ ಡೆಸ್ಕ್‌ಟಾಪಿಗೆ ತಗುಲಿಸಿ ಈ ಸೇವೆ ಶುರುಮಾಡಿದೆ. ಎಕ್ಸ್‌ಪಿಯಲ್ಲಿ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಸೇರಿಸಿ, ಎಲ್‌ಪಿಡಿಗೆ ಕೆಲಸ ಕಳಿಸುವ ವಿಧಾನವಾದ ಎಲ್‌ಪಿಆರ್ ಆರಿಸಿ, ಸರದಿಯ (ಕ್ಯೂ) ಹೆಸರಿನ ಜಾಗದಲ್ಲಿ ಪ್ರಿಂಟರಿನ ಶೇರ್ ಹೆಸರನ್ನು ಬರೆದು, 'ಎಲ್‌ಪಿಆರ್ ಬೈಟ್ ಕೌಂಟಿಂಗ್' ಎಂಬುದಕ್ಕೆ ಗುರುತು ಹಾಕಿದೆ. ಹಾಳೆ ಹೊರಬಂತು. ಖರ್ಚಿಲ್ಲ, ಲ್ಯಾಪ್‌ಟಾಪಿನ ರಕ್ಷಣೆಗೆ ಭಂಗವಿಲ್ಲ. ಕೊರತೆ ಎಂದರೆ ಆ ಡೆಸ್ಕ್‌ಟಾಪ್ ಯಾವಾಗಲೂ ಚಾಲೂ ಇರಬೇಕು. ಅವರು ಕಚೇರಿಗೆ ಹೊರಡುವಾಗ ಆಫ್ ಮಾಡಿ ಹೋದರೆ ಮಾವನವರ ಕೆಲಸ ಸಂಜೆಯವರೆಗೆ ನಿಲ್ಲುತ್ತಿತ್ತು. ಮೈಕ್ರೋಸಾಫ್ಟ್ ಈ ಸೇವೆಯನ್ನು ತ್ಯಜಿಸುವ ಪಟ್ಟಿಗೆ ಸೇರಿಸಿ ವರ್ಷಗಳಾಗಿವೆ, ಆದ್ದರಿಂದ ಇದನ್ನು ಹೆಚ್ಚು ನೆಚ್ಚಿಕೊಳ್ಳುವಂತಿಲ್ಲ.

ರೂಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದ್ದರೆ ಅದಕ್ಕೇ ಪ್ರಿಂಟರ್ ತಗುಲಿಸಬಹುದಲ್ಲ ಎಂದು ಅಂಗಡಿಯವರು ಸಲಹೆ ಕೊಟ್ಟರು. ಮಾಡಿ ನೋಡಿದೆ, ನನಗೆ ಹಿಡಿಸಲಿಲ್ಲ. ಪ್ರತಿ ಕಂಪ್ಯೂಟರಿನಲ್ಲೂ ರೂಟರ್ ಕಂಪನಿಯ ಒಂದು ತಂತ್ರಾಂಶ ಹಾಕಬೇಕು. ಪ್ರಿಂಟರಿನ ತಂತಿ ನಮ್ಮ ಕಂಪ್ಯೂಟರಿಗೇ ಬಂದು ಸೇರಿದೆ ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ, ಒಂದು ಸಲಕ್ಕೆ ಒಬ್ಬರಿಗೆ ಮಾತ್ರ. ಮಗಳು ಮುದ್ರಿಸಿ ಕೊಂಡಿ ಬಿಡಿಸದೆ ಮಲಗಿದರೆ ಉಳಿದವರು ಅವಳನ್ನು ಎಬ್ಬಿಸಬೇಕು. ಮೊಬೈಲಿನ ಮಾತಂತೂ ಎತ್ತುವ ಹಾಗೇ ಇಲ್ಲ.

ಕೊನೆಗೆ ನಿಂತದ್ದು ರಾಸ್‌ಬೆರಿ ಪೈ. ಇಸ್ಪೀಟಿನ ಎಲೆಗಿಂತ ಹೆಚ್ಚು ದೊಡ್ಡದಲ್ಲದ ಒಂದು ಕಂಪ್ಯೂಟರ್. ಮಗಳು ಪ್ರಾಜೆಕ್ಟಿಗೆಂದು ತರಿಸಿ ಮರೆತಿದ್ದು. ಅದರಲ್ಲಿ ವಿಂಡೋಸಿನ ಬದಲಿಗೆ ಲಿನಕ್ಸ್, ಲಿನಕ್ಸಿನ ಮೇಲೆ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ. ಕಪ್ಸ್ 1999ರಿಂದ ಇದೆ. ಆಪಲ್ ತನ್ನ ಮ್ಯಾಕ್‌ಗಳಿಗೂ ಅದನ್ನೇ ತೆಗೆದುಕೊಂಡಿತು. ಅದು ಬಳಸುವುದು ಐಪಿಪಿ ಎಂಬ ಮುದ್ರಣ ವಿಧಾನವನ್ನು, ಅದರ ಬಾಗಿಲ ಸಂಖ್ಯೆ, ಅಂದರೆ ಪೋರ್ಟ್, 631. ಎಕ್ಸ್‌ಪಿಗೂ ಐಪಿಪಿಯ ಹಳೆಯ ರೂಪ ಗೊತ್ತು, ವಿಂಡೋಸ್ 11ಕ್ಕೂ ಗೊತ್ತು, ಮೊಬೈಲಿಗೂ ಗೊತ್ತು. ಇಷ್ಟು ವಯಸ್ಸಿನ ಅಂತರವಿರುವ ಯಂತ್ರಗಳು ಯಾರದೂ ರಕ್ಷಣೆ ಸಡಿಲಿಸದೆ ಮಾತಾಡಿಕೊಳ್ಳಲು ನನಗೆ ಸಿಕ್ಕ ಜಾಗ ಇದೊಂದೇ.

1020ರ ವಿಷಯದಲ್ಲಿ ಒಂದು ಎಚ್ಚರ ಬೇಕು. ಈ ಪ್ರಿಂಟರ್ ತನ್ನನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ತನ್ನೊಳಗೆ ಶಾಶ್ವತವಾಗಿ ಇಟ್ಟುಕೊಂಡಿರುವುದಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದನ್ನು ಕಳಿಸಿಕೊಡಬೇಕು. ಬೆಲೆ ಇಳಿಸಲು ಮಾಡಿದ ವಿನ್ಯಾಸ. ಯುಎಸ್‌ಬಿ ಪ್ರಿಂಟರನ್ನು ನೆಟ್‌ವರ್ಕಿಗೆ ಸೇರಿಸುವ ಅಗ್ಗದ ಪ್ರಿಂಟ್ ಸರ್ವರ್ ಡಬ್ಬಿಗಳಿಗೆ ಇಂಥ ಪ್ರಿಂಟರ್‌ಗಳು ಒಗ್ಗದಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸಿನಲ್ಲಿ ಫೂ2ಜೆಡ್‌ಜೆಎಸ್ ಎಂಬ ಮುಕ್ತ ಡ್ರೈವರ್ ಇದೆ. ಫರ್ಮ್‌ವೇರ್ ಕಡತವನ್ನು ಪ್ರತ್ಯೇಕವಾಗಿ ತಂದು ಜಾಗದಲ್ಲಿಟ್ಟರೆ, ಪ್ರಿಂಟರ್ ಆನ್ ಆದ ಕೂಡಲೇ ಪೈ ಅದನ್ನು ಕಳಿಸುತ್ತದೆ. ನಿಮ್ಮಲ್ಲಿ ಕ್ಯಾನನ್ ಎಲ್‌ಬಿಪಿ 2900 ಇದ್ದರೆ ಇದೇ ಹಾದಿ ಅಷ್ಟು ನೇರವಲ್ಲ. ಅದಕ್ಕೆ ಕಂಪನಿ ಕೊಟ್ಟಿರುವ ಲಿನಕ್ಸ್ ಡ್ರೈವರ್ ಇಂಟೆಲ್ ಬಗೆಯ ಪ್ರೊಸೆಸರ್‌ಗಳಿಗೆ ಮಾತ್ರ. ಪೈ ಇರುವುದು ಆರ್ಮ್ ಪ್ರೊಸೆಸರಿನಲ್ಲಿ. ಅಂಥವರು ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಅದನ್ನೇ ಈ ಕೆಲಸಕ್ಕೆ ಕೂರಿಸುವುದು ಮೇಲು.

ಎಕ್ಸ್‌ಪಿಯಲ್ಲಿ 'ಆಡ್ ಪ್ರಿಂಟರ್' ಒತ್ತಿ, ನೆಟ್‌ವರ್ಕ್ ಪ್ರಿಂಟರ್ ಎಂದು ಆರಿಸಿ, ಮನೆಯ ನೆಟ್‌ವರ್ಕಿನಲ್ಲಿ ಪೈಗಿರುವ ಐಪಿ ವಿಳಾಸ, 631, ಸರದಿಯ ಹೆಸರು ಇವನ್ನು ವೆಬ್ ವಿಳಾಸದ ಹಾಗೆ ಬರೆದೆ. ರೂಟರಿನಲ್ಲಿ ಪೈಗೆ ಒಂದು ಸ್ಥಿರ ವಿಳಾಸ ಕೊಟ್ಟಿರಬೇಕು, ಇಲ್ಲದಿದ್ದರೆ ಒಂದು ದಿನ ಎಲ್ಲವೂ ನಿಲ್ಲುತ್ತದೆ. ಡ್ರೈವರ್ ಯಾವುದು ಎಂದು ಅದು ಕೇಳಿದಾಗ ಆರಿಸಿದ್ದು 1020 ಅಲ್ಲ, ಎಕ್ಸ್‌ಪಿಯ ಪಟ್ಟಿಯಲ್ಲೇ ಇರುವ ಆಪಲ್ ಲೇಸರ್‌ರೈಟರ್ ಎಂಬ ಹಳೆಯ ಪ್ರಿಂಟರಿನದು. ಅದು ಹಾಳೆಯನ್ನು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವರ್ಣಿಸುವ ಭಾಷೆಯಲ್ಲಿ ಕಳಿಸುತ್ತದೆ, ಕಪ್ಸ್ ಅದನ್ನು ನಮ್ಮ ಪ್ರಿಂಟರಿಗೆ ತಿಳಿಯುವ ರೂಪಕ್ಕೆ ತರುತ್ತದೆ. ಮೊದಲ ಲೇಸರ್‌ರೈಟರೂ ಮೊದಲ ಪೇಜ್‌ಮೇಕರೂ ಬಂದದ್ದು 1985ರಲ್ಲೇ. ಡಿಟಿಪಿ ಎಂಬ ಕಸುಬು ಹುಟ್ಟಿದ್ದೇ ಈ ಜೋಡಿಯಿಂದ. ಹಳೆಯ ಜೋಡಿ ನಮ್ಮ ಮನೆಯಲ್ಲಿ ಮತ್ತೆ ಕೂಡಿದ್ದು ನನಗೆ ತಮಾಷೆಯಾಗಿ ಕಂಡಿತು.

ಅದರಿಂದ ನಾನು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ಮಾವನವರ ಲಗ್ನಪತ್ರಿಕೆಗಳ ನೆತ್ತಿಯ ಮೇಲೆ ಕೂರುವ ಗಣಪತಿ, ಅಂಚಿನ ಮಾವಿನ ತೋರಣ, ಬಳ್ಳಿ, ಇವೆಲ್ಲ ಪೋಸ್ಟ್‌ಸ್ಕ್ರಿಪ್ಟಿನಲ್ಲೇ ಬರೆದ ಇಪಿಎಸ್ ಚಿತ್ರಗಳು. ಪೋಸ್ಟ್‌ಸ್ಕ್ರಿಪ್ಟ್ ತಿಳಿಯದ ಪ್ರಿಂಟರಿಗೆ ನೇರವಾಗಿ ಕಳಿಸಿದರೆ ಪೇಜ್‌ಮೇಕರ್ ಮೂಲ ಚಿತ್ರವನ್ನು ಬಿಟ್ಟು, ತೆರೆಯ ಮೇಲೆ ತೋರಿಸಲೆಂದು ಅದರಲ್ಲಿ ಅಡಕವಾಗಿರುವ ಒರಟು ಪ್ರತಿಯನ್ನು ಮುದ್ರಿಸುತ್ತದೆ. ಇಷ್ಟು ವರ್ಷ ಮನೆಯ ಕರಡಿನಲ್ಲಿ ಗಣಪತಿಯ ಸೊಂಡಿಲು ಮೆಟ್ಟಿಲು ಮೆಟ್ಟಿಲಾಗಿ ಬರುತ್ತಿದ್ದುದು ಅದಕ್ಕೇ. ಪೈ ಮೂಲಕ ಕಳಿಸಿದ ಹಾಳೆಯಲ್ಲಿ ಸೊಂಡಿಲಿನ ಗೆರೆ ಕೂದಲಿನಷ್ಟು ನಯವಾಗಿ ಬಂದಿತ್ತು. ಮಾವನವರು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಟೋನರ್ ಬದಲಾಯಿಸಿದೆಯಾ?” ಎಂದರು.

ವಿಂಡೋಸ್ 10 ಮತ್ತು 11 ಅದೇ ವಿಳಾಸದಿಂದ ಸೇರಿಕೊಂಡವು. 2023ರಲ್ಲಿ ಮೈಕ್ರೋಸಾಫ್ಟ್ ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ಹಂತಹಂತವಾಗಿ ಬಿಟ್ಟು ಐಪಿಪಿಯ ಕಡೆಗೇ ಹೊರಳುವುದಾಗಿ ಹೇಳಿದೆ, ಹಾಗಾಗಿ ಹೊಸ ಕಂಪ್ಯೂಟರ್ ಬಂದರೂ ಈ ಏರ್ಪಾಡು ನಡೆಯುತ್ತದೆ ಎಂಬ ಧೈರ್ಯ ನನಗಿದೆ. ಮೊಬೈಲಿಗೆ ಏನೂ ಮಾಡಲಿಲ್ಲ. ಪೈನಲ್ಲಿ ಅವಾಹಿ ಎಂಬ ಸೇವೆ ಚಾಲೂ ಇದ್ದರೆ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅತ್ತೆಯವರು ಊರಿನ ಜಮೀನಿನ ಪಹಣಿಯನ್ನು ಸೋಫಾದ ಮೇಲೆ ಕುಳಿತೇ ತೆಗೆಯುತ್ತಾರೆ. ಎಕ್ಸ್‌ಪಿಗೆ ಇಂಟರ್ನೆಟ್ ಸಿಗದಂತೆ ರೂಟರಿನಲ್ಲಿ ತಡೆ ಹಾಕಿದ್ದೇನೆ. ಪೈ ಮನೆಯೊಳಗೇ ಇರುವುದರಿಂದ ಪ್ರಿಂಟಿಗೆ ಅಡ್ಡಿಯಿಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ವೈಫೈ ಇಂಕ್ ಟ್ಯಾಂಕ್ ಪ್ರಿಂಟರ್ ಕೊಂಡರಾಯಿತು ಎನ್ನುವುದು ಮಂಡ್ಯದಲ್ಲಿರುವ ಮೈದುನನ ವಾದ. ಅವನು ಹಾಗೆಯೇ ಮಾಡಿದ್ದಾನೆ. ಹೋದಾಗ ಅದನ್ನೂ ಬಳಸಿ ನೋಡಿದೆ. ಮೊಬೈಲಿನಿಂದ, ಹೊಸ ಲ್ಯಾಪ್‌ಟಾಪಿನಿಂದ ಬಹಳ ಸಲೀಸು. ಬಣ್ಣ ಬರುತ್ತದೆ, ಸ್ಕ್ಯಾನ್ ಆಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ, ಹಳೆಯ ಕಂಪ್ಯೂಟರಿನ ಹಂಗಿಲ್ಲದ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವನ ಪ್ರಿಂಟರಿಗೆ ಎಕ್ಸ್‌ಪಿಯ ಡ್ರೈವರ್ ಇಲ್ಲ. ನಮ್ಮ ಮನೆಗೆ ತಂದರೂ ಮಾವನವರಿಗಾಗಿ ಪೈ ಬೇಕೇ ಆಗುತ್ತಿತ್ತು. ಇನ್ನೊಂದು, ಬೇಸಿಗೆ ರಜೆಯಲ್ಲಿ ಯಾರೂ ಮುಟ್ಟದೆ ಬಿಟ್ಟದ್ದಕ್ಕೆ ಅದರ ನಳಿಕೆಗಳಲ್ಲಿ ಮಸಿ ಒಣಗಿ, ಹಾಳೆಯ ತುಂಬ ಬಿಳಿ ಗೆರೆ. ಶುದ್ಧಿ ಮಾಡುವ ಗುಂಡಿ ಒತ್ತಿದಷ್ಟೂ ಮಸಿ ಖರ್ಚು. ಪುಡಿಯ ಟೋನರಿಗೆ ಆ ಕಾಯಿಲೆ ಇಲ್ಲ.

ಪೈಗೆ ಇರುವ ಕಾಯಿಲೆ ಬೇರೆ. ಅದರ ಮೆಮೊರಿ ಕಾರ್ಡಿಗೆ ಏಕಾಏಕಿ ಕರೆಂಟ್ ಹೋಗುವುದು ಒಳ್ಳೆಯದಲ್ಲ. ಮುಂಗಾರಿನಲ್ಲಿ ನಮ್ಮ ಬಡಾವಣೆಯಲ್ಲಿ ಅದೇನೂ ಅಪರೂಪವಲ್ಲ. ಅದಕ್ಕೆ ಪೈಯನ್ನೂ ರೂಟರನ್ನೂ ಇನ್ವರ್ಟರಿನ ಲೈನಿಗೆ ಹಾಕಿದ್ದೇನೆ, ಕಾರ್ಡಿನ ಒಂದು ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿ ತೆಗೆದಿಟ್ಟಿದ್ದೇನೆ. ಪ್ರಿಂಟರನ್ನು ಮಾತ್ರ ಆ ಲೈನಿಗೆ ಸೇರಿಸಿಲ್ಲ. ಲೇಸರ್ ಪ್ರಿಂಟರಿನಲ್ಲಿ ಟೋನರನ್ನು ಹಾಳೆಗೆ ಕರಗಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ವಿದ್ಯುತ್ತನ್ನು ಸಣ್ಣ ಇನ್ವರ್ಟರ್ ತಾಳುವುದಿಲ್ಲ. ಕರೆಂಟ್ ಇಲ್ಲದಾಗ ಕಳಿಸಿದ ಕೆಲಸ ಪೈನ ಸರದಿಯಲ್ಲಿ ಕಾದಿದ್ದು ಆಮೇಲೆ ಮುದ್ರಣವಾಗುತ್ತದೆ. ಇದಕ್ಕೆ ಬ್ರೌಸರಿನಲ್ಲಿ ತೆರೆಯುವ ಕಪ್ಸ್‌ನ ಪುಟದಲ್ಲಿ 'ಎರರ್ ಪಾಲಿಸಿ' ಎಂಬಲ್ಲಿ 'ರಿಟ್ರೈ ಜಾಬ್' ಎಂದು ಆರಿಸಿರಬೇಕು. 'ಸ್ಟಾಪ್ ಪ್ರಿಂಟರ್' ಎಂದಿದ್ದರೆ ಕರೆಂಟ್ ಬಂದ ಮೇಲೂ ಅದು ಸುಮ್ಮನೆ ಕುಳಿತಿರುತ್ತದೆ. ಆ ಪುಟಕ್ಕೆ ಹೋಗಿ ನಾವೇ ಮತ್ತೆ ಚಾಲೂ ಮಾಡಬೇಕಾಗುತ್ತದೆ.