ಕಡಲು ತುಂಬುವ ಕಾಮಗಾರಿಗೆ ವರ್ಟಿಕಲ್ ಡ್ರೈನ್ ಪಟ್ಟಿ: ಒಂದು ವಿಮರ್ಶೆ

ಸುಮಾರು 100 ಮಿಲಿಮೀಟರ್ ಅಗಲ ಮತ್ತು 4 ಮಿಲಿಮೀಟರ್ ದಪ್ಪವಿದ್ದು ಸುರುಳಿಯಾಗಿ ಬರುವ ಈ ಪ್ಲಾಸ್ಟಿಕ್ ಪಟ್ಟಿಯನ್ನು ಮೊದಲ ಸಲ ಕಂಡವರು ಪ್ಯಾಕಿಂಗ್ ಸಾಮಗ್ರಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಒಳಗೆ ಉದ್ದಕ್ಕೂ ಕಾಲುವೆಗಳಿರುವ ತಿರುಳು, ಹೊರಗೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆಯಂಥ ಸೋಸು ಹೊದಿಕೆ, ಇಷ್ಟೇ ಇದರ ರಚನೆ. ಜೇಡಿಮಣ್ಣಿನೊಳಗೆ ಲಂಬವಾಗಿ ಇಳಿಸಿದಾಗ ಮಣ್ಣಿನಲ್ಲಿರುವ ನೀರು ಈ ಕಾಲುವೆಗಳ ಮೂಲಕ ಹೊರಬರುತ್ತದೆ. ಆದರೆ ಮೆತ್ತನೆಯ ಕಡಲ ಜೇಡಿಯ ಮೇಲೆ ಮರಳು ಸುರಿದು ನಗರಕ್ಕೆ ನೆಲ ಮಾಡಿಕೊಳ್ಳುವ ಯೋಜನೆಯಲ್ಲಿ, ಆ ನೆಲವನ್ನು ಯಾವ ವರ್ಷ ಬಳಕೆಗೆ ಬಿಟ್ಟುಕೊಡಬಹುದು ಎಂಬುದನ್ನು ಬಹುಪಾಲು ನಿರ್ಧರಿಸುವುದು ಈ ಪಟ್ಟಿಯೇ.

ಭಾರ ಬಿದ್ದಾಗ ಜೇಡಿಯೊಳಗಿನ ನೀರು ಹೊರಹೋಗಲು ತಗಲುವ ಸಮಯವು ಆ ನೀರು ಸಾಗಬೇಕಾದ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂದು ಮಣ್ಣಿನ ಯಂತ್ರಶಾಸ್ತ್ರಜ್ಞ ಟೆರ್ಜಾಗಿಯ ಸಿದ್ಧಾಂತ ಹೇಳುತ್ತದೆ. ನೀರು ಹೋದಷ್ಟೂ ಜೇಡಿ ಕುಗ್ಗಿ ನೆಲ ಇಳಿಯುತ್ತದೆ. ಮೇಲೂ ಕೆಳಗೂ ಮರಳಿರುವ 20 ಮೀಟರ್ ದಪ್ಪದ ಜೇಡಿಯನ್ನು ತೆಗೆದುಕೊಂಡು, ಕನ್ಸಾಲಿಡೇಷನ್ ಗುಣಾಂಕವನ್ನು (ಜೇಡಿ ಎಷ್ಟು ಬೇಗ ನೀರು ಬಿಟ್ಟು ಕುಗ್ಗುತ್ತದೆ ಎಂಬುದರ ಅಳತೆ) ವರ್ಷಕ್ಕೆ 1 ಚದರ ಮೀಟರ್ ಎಂದು ಹಿಡಿದರೆ, ಶೇ. 90ರಷ್ಟು ಇಳಿತ ಮುಗಿಯಲು ಸುಮಾರು 85 ವರ್ಷ ಬೇಕು. ಅದೇ ಜೇಡಿಯಲ್ಲಿ 1.2 ಮೀಟರ್ ಅಂತರದ ತ್ರಿಕೋನ ವಿನ್ಯಾಸದಲ್ಲಿ ಪಟ್ಟಿಗಳನ್ನು ಇಳಿಸಿದರೆ ನೀರು ಅಡ್ಡಲಾಗಿ ಅರವತ್ತು ಸೆಂಟಿಮೀಟರ್‌ನಷ್ಟು ಸಾಗಿದರೆ ಸಾಕು, ಲೆಕ್ಕವು ಒಂದು ವರ್ಷದ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಅಗ್ಗದ ವಸ್ತು ಇಷ್ಟು ಕಾಲವನ್ನು ಉಳಿಸಿಕೊಡುವುದು ನಮ್ಮ ವೃತ್ತಿಯಲ್ಲಿ ಅಪರೂಪ.

ಈ ಒಂದು ವರ್ಷ ಕಾಗದದ ಮೇಲಿನದು ಎಂಬುದನ್ನು ಮಾತ್ರ ಮಾರಾಟಗಾರರು ಒತ್ತಿ ಹೇಳುವುದಿಲ್ಲ. ಪಟ್ಟಿಯನ್ನು ಹೊತ್ತ ಉಕ್ಕಿನ ಮ್ಯಾಂಡ್ರೆಲ್ (ಪಟ್ಟಿಯನ್ನು ನೆಲದೊಳಕ್ಕೆ ತಳ್ಳುವ ಟೊಳ್ಳು ಕೊಳವೆ) ಜೇಡಿಯನ್ನು ಸೀಳಿಕೊಂಡು ಇಳಿಯುವಾಗ ಸುತ್ತಲಿನ ಮಣ್ಣು ಕಲಸಿಹೋಗಿ, ನೀರು ಬಿಡುವ ಗುಣವನ್ನು ಕಳೆದುಕೊಳ್ಳುತ್ತದೆ. ಡ್ರೈನಿನ ಎರಡರಷ್ಟು ವ್ಯಾಸದವರೆಗೆ ಆ ಗುಣ ಮೂರನೇ ಒಂದಕ್ಕೆ ಇಳಿಯಿತು ಎಂದು ಹಿಡಿದರೂ ಮೇಲಿನ ಒಂದು ವರ್ಷ ಒಂದೂವರೆ ವರ್ಷವನ್ನು ದಾಟುತ್ತದೆ. ಇದು ಪಟ್ಟಿಯ ದೋಷವಲ್ಲ. ಆದರೂ ಅಂತರವನ್ನು ಗೊತ್ತುಮಾಡುವವರು ಇದನ್ನು ಮರೆತರೆ ಬೈಗುಳ ಬೀಳುವುದು ಪಟ್ಟಿಗೇ.

ನನ್ನ ನಿಜವಾದ ತಕರಾರು ಇರುವುದು ತಯಾರಕರ ಮಾಹಿತಿ ಪತ್ರದಲ್ಲಿ ನಮೂದಿಸುವ ನೀರು ಸಾಗಿಸುವ ಸಾಮರ್ಥ್ಯದ ಬಗ್ಗೆ. ನೆಟ್ಟಗೆ ಹಿಡಿದ ತುಂಡಿನ ಮೇಲೆ ನಡೆಸಿದ ಪರೀಕ್ಷೆಯ ಅಂಕಿ ಅದು. ಜೇಡಿ ಒಂದೂವರೆ, ಎರಡು ಮೀಟರ್ ಕುಗ್ಗಿದಾಗ ಅದರೊಳಗಿನ ಪಟ್ಟಿಯೂ ಅಷ್ಟೇ ಕುಗ್ಗಬೇಕಾಗುತ್ತದೆ, ಹಾಗಾಗಿ ಅದು ಅಲ್ಲಲ್ಲಿ ಮಡಚಿಕೊಳ್ಳುತ್ತದೆ. ನಾವು ತರಿಸಿಕೊಂಡ ಎರಡು ಮಾದರಿಗಳನ್ನು ಕೈಯಲ್ಲೇ ಮಡಚಿ ನೋಡಿದಾಗ, ಒಂದರ ಕಾಲುವೆಗಳು ಮಡಿಕೆಯಲ್ಲೂ ತೆರೆದಿದ್ದವು. ಇನ್ನೊಂದರ ತಿರುಳು ಚಪ್ಪಟೆಯಾಗಿ ಹೊದಿಕೆಯು ಕಾಲುವೆಯೊಳಕ್ಕೆ ಕುಸಿದಿತ್ತು. ಮಾಹಿತಿ ಪತ್ರದಲ್ಲಿ ಎರಡನೆಯದರ ಅಂಕಿಯೇ ಹೆಚ್ಚಾಗಿತ್ತು! ಅದೇ ಸರಕಿನ ಕೆಲವು ಸುರುಳಿಗಳಲ್ಲಿ ಹೊದಿಕೆಯ ಅಂಚಿನ ಬೆಸುಗೆ ಬಿಟ್ಟುಕೊಂಡಿದ್ದನ್ನು ಪೂರೈಕೆದಾರರಿಗೆ ತೋರಿಸಿದಾಗ, ಬದಲಿ ಸುರುಳಿಗಳು ಬರಲು ಮೂರು ವಾರ ಹಿಡಿಯಿತು.

ಪಟ್ಟಿಯ ಮಿತಿಗಳನ್ನೂ ಹೇಳಬೇಕು. ಇದು ಭಾರ ಹೊರುವುದಿಲ್ಲ. ಮೇಲೆ ಸಾಕಷ್ಟು ಮಣ್ಣನ್ನು ಹೇರಿ ತಿಂಗಳುಗಟ್ಟಲೆ ಬಿಡದಿದ್ದರೆ ಇದಕ್ಕೆ ಮಾಡಲು ಕೆಲಸವೇ ಇಲ್ಲ. ಸಡಿಲವಾಗಿ ಸುರಿದ ಮರಳು ಭೂಕಂಪದಲ್ಲಿ ದ್ರವದಂತಾಗುವುದನ್ನು 1995ರಲ್ಲಿ ಜಪಾನಿನ ಕೋಬೆಯಲ್ಲಿ ಕಡಲು ತುಂಬಿ ಮಾಡಿದ ಪೋರ್ಟ್ ಐಲೆಂಡ್ ತೋರಿಸಿಕೊಟ್ಟಿತು. ಅದನ್ನು ತಡೆಯಲು ಮರಳನ್ನು ಕಂಪನದಿಂದ ಒತ್ತಾಗಿಸುವುದು ಬೇರೆಯದೇ ಕೆಲಸ, ಈ ಪಟ್ಟಿಯದಲ್ಲ. ಪಟ್ಟಿ ಮುಟ್ಟದ ಆಳದಲ್ಲಿ ನಡೆಯುವುದಕ್ಕೂ ಇದರಿಂದ ಉತ್ತರವಿಲ್ಲ. 1994ರಲ್ಲಿ ತೆರೆದ, ಜಪಾನಿನ ಕಡಲಲ್ಲಿ ನೆಲ ತುಂಬಿ ಕಟ್ಟಿದ ಕಾನ್ಸಾಯ್ ವಿಮಾನ ನಿಲ್ದಾಣದ ಮೊದಲ ದ್ವೀಪದಡಿ ಸುಮಾರು 20 ಮೀಟರ್ ದಪ್ಪದ ಮೇಲ್ಪದರದ ಜೇಡಿಗೆ ಸುಮಾರು ಹತ್ತು ಲಕ್ಷ ಮರಳು ಡ್ರೈನುಗಳನ್ನು (ಪಟ್ಟಿಯ ಕೆಲಸವನ್ನೇ ಮಾಡುವ ಮರಳಿನ ಕಂಬಗಳು) ಇಳಿಸಲಾಯಿತು; ಆ ಪದರವು ಬೇಗ ಇಳಿದು ನಿಂತಿತಾದರೂ ಅದರ ಕೆಳಗಿನ ಹಳೆಯ ಜೇಡಿ ಕುಗ್ಗುತ್ತಲೇ ಹೋಯಿತು. ಟರ್ಮಿನಲ್ಲಿನ ಕಂಬಗಳನ್ನು ಜಾಕ್‌ಗಳಿಂದ ಎತ್ತಿ ಅಡಿಯಲ್ಲಿ ಉಕ್ಕಿನ ಫಲಕಗಳನ್ನು ತುರುಕುವ ವ್ಯವಸ್ಥೆ ಅಲ್ಲಿರುವುದು ಇದೇ ಕಾರಣಕ್ಕೆ.

ಇಷ್ಟಿದ್ದರೂ ಜೇಡಿ ತಳದ ಮೇಲಿನ ಭರ್ತಿಗೆ ನಾನು ಮತ್ತೆ ಈ ಪಟ್ಟಿಯನ್ನೇ ಬರೆಯುತ್ತೇನೆ. ಮುಂದಿನ ಖರೀದಿ ಆದೇಶದಲ್ಲಿ ಮಾತ್ರ, ಕೆಲಸದ ಆಳದ ಒತ್ತಡದಲ್ಲಿ ಮಡಚಿದ ತುಂಡಿನ ಮೇಲೆ ನಡೆಸಿದ ಪರೀಕ್ಷೆಯ ವರದಿ ಬಾರದೆ ಒಂದು ಸುರುಳಿಯನ್ನೂ ಇಳಿಸಿಕೊಳ್ಳುವುದಿಲ್ಲ ಎಂಬ ಷರತ್ತನ್ನು ಸೇರಿಸುವುದಿದೆ.