ಮಡಿಕೇರಿಯ ಕಾಫಿ ಪುಡಿ ಅಂಗಡಿ: ಪುಡಿಗೆ ನಾಲ್ಕು, ಮಾತಿಗೆ ಐದು ಸ್ಟಾರ್

ಶುಕ್ರವಾರ ಸಂತೆ ಮುಗಿಸಿ, ಬಸ್ಸಿಗೆ ಇನ್ನೂ ಹೊತ್ತಿತ್ತು ಅಂತ ಈ ಪುಟ್ಟ ಅಂಗಡಿಗೆ ನುಗ್ಗಿದೆ. ಕಣ್ಣೆದುರೇ ಹುರಿದು ಪುಡಿ ಮಾಡಿ ಕೊಡ್ತಾರೆ. ಕಾಲು ಕಿಲೋ ತಗೊಂಡೆ, ಅರೇಬಿಕಾ ಅರ್ಧ, ರೋಬಸ್ಟಾ ಅರ್ಧ. ಚಿಕೋರಿ ಬೇಡ ಅಂದಾಗ ಅಂಗಡಿ ಅಜ್ಜನ ಮುಖ ಅರಳಿತು.

ಅಲ್ಲಿಂದ ಶುರುವಾಯ್ತು ಪಾಠ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಸುಮಾರು ಎರಡು ದಶಕ ಕಳೆದ ಮೇಲೆ ಬಿಳಿಯರು ಕಾಡು ಕಡಿದು ದೊಡ್ಡ ತೋಟಗಳನ್ನು ಎಬ್ಬಿಸಿದರು. ಸ್ವಾತಂತ್ರ್ಯದ ಮೇಲೂ ಇದು ಪುಟ್ಟ ಪ್ರತ್ಯೇಕ ರಾಜ್ಯ, 1956ರ ನವೆಂಬರ್ 1ರವರೆಗೆ! ನಮ್ಮ ತುಮಕೂರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನ 5,54,519, ರಾಜ್ಯದಲ್ಲೇ ಕಡಿಮೆ. ಗಂಡಸರಿಗಿಂತ ಹೆಂಗಸರೇ ಹೆಚ್ಚು. ವಿಧಾನಸಭೆಗೆ ಇಬ್ಬರೇ ಶಾಸಕರು. ಆದರೆ ದೇಶದ ಕಾಫಿಯ ಸುಮಾರು ಮೂರನೇ ಒಂದು ಪಾಲು ಇಲ್ಲಿಂದಲೇ.

"ಬೆಲೆ ಏರಿದ್ರೂ ಕುಯ್ಯೋಕೆ ಆಳು ಬೇಕಲ್ಲ ಸಾರ್" ಅಂತ ಅಜ್ಜ ತಕ್ಕಡಿ ಒರೆಸಿದ್ರು. ಡಿಸೆಂಬರಿನಿಂದ ಮಾರ್ಚಿನವರೆಗೆ ಹೊರಗಿನ ಕೂಲಿಯವರೇ ಗತಿಯಂತೆ. ತೋಟಕ್ಕೆ ಆನೆ ಬಂದ್ರೆ ಅದೂ ಇಲ್ಲ.

ಒಂದು ಸ್ಟಾರ್ ಯಾಕೆ ಕಡಿಮೆ? ಪುಡಿ ತೀರಾ ನುಣ್ಣಗೆ. ನನ್ನ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯೋಕೆ ಮುಕ್ಕಾಲು ಗಂಟೆ, ಅಷ್ಟರಲ್ಲಿ ಹಾಲು ಎರಡು ಸಲ ಉಕ್ಕಿತು. ತರಿತರಿಯಾಗಿ ಬೀಸಿ ಅಂತ ಮೊದಲೇ ಹೇಳಿ. ಘಮ ಮಾತ್ರ ಬ್ಯಾಗಿನ ಬಟ್ಟೆಗೆಲ್ಲ ಹತ್ತಿದೆ, ಇನ್ನೂ ಹೋಗಿಲ್ಲ.